ಕೊಮಾಲ್ ಚಿಲುಮೆಯ ನೀರುದುಂಬಿ

ದುಂಬಿಯೆಂದೊಡನೆ ಕನ್ನಡ ಕಾವ್ಯಗಳನ್ನು ಓದಿದವರ ಕಣ್ಣಮುಂದೆ ನಿಲ್ಲುವುದು ಹೂವಿನಿಂದ ಹೂವಿಗೆ ಎರಗಿ ಮಕರಂದವನ್ನು ಹೀರುವ ಕರಿಯ ಭ್ರಮರ. ಈ ಲೇಖನದಲ್ಲಿ ನಾನು ಹೇಳಹೊರಟಿರುವ ದುಂಬಿ ಅದಲ್ಲ. ಗಟ್ಟಿಯಾದ ಮೇಲುರೆಕ್ಕೆಗಳು ಚಿಪ್ಪಿನಂತೆ ಬೆನ್ನನ್ನು ಮುಚ್ಚಿರುವ ಹುಳುಗಳನ್ನೆಲ್ಲ ಪ್ರಾಣಿಶಾಸ್ತ್ರಜ್ಞರು ದುಂಬಿಗಳೆಂಬ ಒಂದೇ ಗಣದಲ್ಲಿ ಸೇರಿಸುತ್ತಾರೆ. ಸಗಣಿಯ ಉಂಡೆಯನ್ನು ಉರುಳಿಸಿಕೊಂಡು ಹೋಗುವ ಹುಳು, ಅಕ್ಕಿಯಲ್ಲಿ ಕಾಣುವ ಮೂತಿಹುಳು, ಮಳೆಗಾಲದ ಇರುಳಿನಲ್ಲಿ ಮಿನುಗುವ ಮಿಂಚುಹುಳು, ಇವೆಲ್ಲ ಈ ಗಣಕ್ಕೆ ಸೇರಿದವೇ. ಇದರ ಕೆಲವು ಕುಟುಂಬಗಳು ನೀರನ್ನೇ ಮನೆ ಮಾಡಿಕೊಂಡಿವೆ. ಅಂತಹ ನೀರುದುಂಬಿಗಳಲ್ಲಿ ಒಂದು ಜಾತಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಪ್ರಾಂತದಲ್ಲಿ, ಕೊಮಾಲ್ ಎಂಬ ಚಿಲುಮೆಗಳ ಬಾಯಲ್ಲಿಯೂ ಅದರ ಆಸುಪಾಸಿನ ಬೆರಳೆಣಿಕೆಯ ನೆಲೆಗಳಲ್ಲಿಯೂ ವಾಸಿಸುತ್ತದೆ. ಅದರ ಶಾಸ್ತ್ರೀಯ ನಾಮ ಹೆಟರೆಲ್ಮಿಸ್ ಕೊಮಾಲೆನ್ಸಿಸ್. ಉದ್ದ ಸುಮಾರು ಎರಡು ಮಿಲಿಮೀಟರು. ಒಂದು ಸಾಸಿವೆ ಕಾಳಿನಷ್ಟು. ಬಣ್ಣ ಕೆಂಪು ಬೆರೆತ ಕಂದು. ಒಳರೆಕ್ಕೆಗಳು ಮೊಟಕಾಗಿರುವುದರಿಂದ ಅದಕ್ಕೆ ಹಾರಲು ಬಾರದು. ನೀರಿನ ಜೀವಿಯಾದರೂ ಈಜಲೂ ಬಾರದು.

ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವವನಿಗೆ ಈ ಹುಳುವಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನೀರಿನ ಹಂಚಿಕೆಯ ವಿಷಯವಾಗಿ ಓದುತ್ತಿದ್ದಾಗ ಟೆಕ್ಸಾಸಿನ ಅಂತರ್ಜಲದ ವ್ಯಾಜ್ಯವೊಂದು ನನ್ನ ಗಮನಕ್ಕೆ ಬಂದಿತು. ಒಂದು ದೊಡ್ಡ ನಗರ, ಸಾವಿರಾರು ರೈತರು, ಕೆಳಹೊಳೆಯ ಊರುಗಳು, ನ್ಯಾಯಾಲಯ, ಶಾಸನಸಭೆ ಇವೆಲ್ಲ ಕೂಡಿದ್ದ ಆ ವ್ಯವಹಾರದ ನಡುವೆ ಸಾಸಿವೆ ಕಾಳಿನಷ್ಟು ಹುಳುವೊಂದು ಕುಳಿತಿರುವುದನ್ನು ಕಂಡು ಕುತೂಹಲವಾಯಿತು. ಓದುತ್ತ ಹೋದಂತೆ, ಹುಳುವಿನ ಉಸಿರಾಟವನ್ನು ತಿಳಿಯದೆ ಆ ವ್ಯಾಜ್ಯ ತಿಳಿಯದು, ಆ ವ್ಯಾಜ್ಯವನ್ನು ತಿಳಿಯದೆ ಹುಳುವಿನ ಬಾಳು ತಿಳಿಯದು ಎಂಬುದು ನನಗೆ ಮನದಟ್ಟಾಯಿತು. ಆದ್ದರಿಂದ ಎರಡನ್ನೂ ಇಲ್ಲಿ ಸಾಧ್ಯವಾದಷ್ಟು ಸರಳವಾಗಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಸ್ಥಳದ ಪರಿಚಯ. ಟೆಕ್ಸಾಸಿನ ನಡುಭಾಗದಲ್ಲಿ ಸುಣ್ಣಕಲ್ಲಿನ ಬೆಟ್ಟನಾಡೊಂದಿದೆ. ಅಲ್ಲಿ ಬಿದ್ದ ಮಳೆ ಹಳ್ಳಗಳಾಗಿ ಕೆಳಗಿಳಿದು ಬರುವಾಗ, ಬಿರುಕುಬಿಟ್ಟ ಬಂಡೆಗಳ ಒಂದು ಪಟ್ಟಿಯನ್ನು ದಾಟಬೇಕಾಗುತ್ತದೆ. ಆ ಪಟ್ಟಿಯಲ್ಲಿ ಹಳ್ಳದ ನೀರಿನ ಬಹುಭಾಗ ಕಣ್ಣೆದುರಿಗೇ ನೆಲದೊಳಕ್ಕೆ ಇಂಗಿಹೋಗುತ್ತದೆ. ನೀರು ಸುಣ್ಣಕಲ್ಲನ್ನು ಯುಗಯುಗಗಳಿಂದ ಕರಗಿಸಿ ಒಳಗೆ ಬಿಲಗಳನ್ನೂ ಗವಿಗಳನ್ನೂ ಮಾಡಿಕೊಂಡಿದೆ. ಎಡ್ವರ್ಡ್ಸ್ ಎಂದು ಹೆಸರಾದ ಈ ನೀರುತುಂಬಿದ ಕಲ್ಲಿನ ಪದರದಲ್ಲಿ ಮಳೆಯ ನೀರು ಪಶ್ಚಿಮದಿಂದ ಪೂರ್ವಕ್ಕೂ ಈಶಾನ್ಯಕ್ಕೂ ಬಹುದೂರ ಸಾಗಿ, ಭೂಮಿಯ ಪದರಗಳು ಹಿಂದೆಂದೋ ಮುರಿದು ಜರುಗಿದ ಅಂಚಿನಲ್ಲಿ ಮತ್ತೆ ಮೇಲಕ್ಕೆ ಉಕ್ಕುತ್ತದೆ. ಹಾಗೆ ಉಕ್ಕುವ ಚಿಲುಮೆಗಳಲ್ಲಿ ಟೆಕ್ಸಾಸಿಗೇ ದೊಡ್ಡವು ಕೊಮಾಲ್ ಚಿಲುಮೆಗಳು. ೧೮೪೫ರಲ್ಲಿ ಜರ್ಮನ್ ವಲಸೆಗಾರರು ನೆಲೆಯೂರಿ ಕಟ್ಟಿದ ನ್ಯೂ ಬ್ರೌನ್‌ಫೆಲ್ಸ್ ಎಂಬ ಪಟ್ಟಣದೊಳಗೆ ಅವು ಇವೆ. ಕೊಮಾಲ್ ಎಂಬುದು ಸ್ಪ್ಯಾನಿಷ್ ಭಾಷೆಯ ಮಾತು. ರೊಟ್ಟಿ ಸುಡುವ ಕಾವಲಿ ಎಂದು ಅದರ ಅರ್ಥ. ಚಿಲುಮೆಗಳಿಂದ ಹುಟ್ಟುವ ಕೊಮಾಲ್ ನದಿ ನಾಲ್ಕು ಕಿಲೋಮೀಟರಿನಷ್ಟು ಮಾತ್ರ ಹರಿದು ಗ್ವಾಡಲೂಪ್ ಎಂಬ ದೊಡ್ಡ ನದಿಯನ್ನು ಸೇರಿಬಿಡುತ್ತದೆ. ಸಾಧಾರಣ ವರ್ಷಗಳಲ್ಲಿ ಅದರ ಹರಿವು ಸುಮಾರು ೩೦೦ ಕ್ಯೂಸೆಕ್. ನೆಲದಾಳದಿಂದ ಬರುವ ನೀರಾದ್ದರಿಂದ ಚಳಿಗಾಲ ಬೇಸಿಗೆಗಳೆನ್ನದೆ ಅದರ ಉಷ್ಣತೆ ೨೩ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲೇ ಇರುತ್ತದೆ.

ಈ ಚಿಲುಮೆಗಳು ನೆಲದಿಂದ ಹೊರಬೀಳುವ ಬಾಯಲ್ಲಿಯೇ, ಜಲ್ಲಿಕಲ್ಲುಗಳ ಸಂದಿಯಲ್ಲಿ, ನೀರಿಗಿಳಿದ ಮರದ ಬೇರುಗಳಲ್ಲಿ, ಕೊಳೆಯುತ್ತಿರುವ ಎಲೆಗಳಡಿಯಲ್ಲಿ ನಮ್ಮ ದುಂಬಿಯ ವಾಸ. ಕಲ್ಲು ಬೇರುಗಳ ಮೇಲೆ ಲೋಳೆಯಂತೆ ಕಟ್ಟಿಕೊಳ್ಳುವ ಸೂಕ್ಷ್ಮಜೀವಿಗಳ ಪೊರೆಯೇ ಅದರ ಆಹಾರ. ಮೈಗೆ ಹೋಲಿಸಿದರೆ ಉದ್ದವಾದ ಕಾಲುಗುರುಗಳಿಂದ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡು, ಹರಿಯುವ ನೀರಿನಲ್ಲಿ ಮೆಲ್ಲಗೆ ನಡೆಯುತ್ತದೆ. ಮರಿಹುಳುವೂ ಅಲ್ಲಿಯೇ ಬೆಳೆಯುತ್ತದೆ. ಊರ ನಡುವಿನ ಉದ್ಯಾನದಲ್ಲಿ ಜನ ದಿನವೂ ವಿಹರಿಸುವ ಜಾಗದಲ್ಲಿದ್ದರೂ ಬಹುಕಾಲ ಇದನ್ನು ಗುರುತಿಸಿದವರಿರಲಿಲ್ಲ. ೧೯೭೬ರಲ್ಲಿ ಮೊದಲ ಬಾರಿಗೆ ಇದನ್ನು ಹಿಡಿದರು. ೧೯೮೮ರಲ್ಲಿ ಬಾಸೆ, ಟಫ್ ಮತ್ತು ಬ್ರೌನ್ ಎಂಬ ಮೂವರು ವಿದ್ವಾಂಸರು ಹೊಸ ಜಾತಿಯೆಂದು ವರ್ಣಿಸಿ ಹೆಸರಿಟ್ಟರು.

ಈಗ ಈ ಹುಳುವಿನ ಅತ್ಯಂತ ವಿಶೇಷವಾದ ಗುಣಕ್ಕೆ ಬರೋಣ. ಇದಕ್ಕೆ ಮೀನಿನಂತೆ ಕಿವಿರುಗಳಿಲ್ಲ. ಇತರ ದುಂಬಿಗಳಂತೆ ಇದು ಉಸಿರಾಡಬೇಕಾದದ್ದು ಗಾಳಿಯನ್ನೇ. ಆದರೂ ಬೆಳೆದ ದುಂಬಿ ಉಸಿರಿಗಾಗಿ ನೀರಿನ ಮೇಲಕ್ಕೆ ಬರುವುದೇ ಇಲ್ಲ. ಇದು ಹೇಗೆ ಸಾಧ್ಯ?

ಕೆರೆಕುಂಟೆಗಳಲ್ಲಿರುವ ದೊಡ್ಡ ಈಜುದುಂಬಿಯ ರೀತಿಯನ್ನು ಮೊದಲು ನೋಡಿದರೆ ಇದರ ರೀತಿ ಸುಲಭವಾಗಿ ತಿಳಿಯುತ್ತದೆ. ಅದು ಆಗಾಗ್ಗೆ ನೀರಿನ ಮೇಲ್ಮೈಗೆ ಬಂದು, ರೆಕ್ಕೆಗಳ ಅಡಿಯಲ್ಲಿ ಒಂದಿಷ್ಟು ಗಾಳಿಯನ್ನು ತುಂಬಿಕೊಂಡು ಮುಳುಗುತ್ತದೆ. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ಮಿಕ್ಕದ್ದು ಬಹುಮಟ್ಟಿಗೆ ಸಾರಜನಕ. ದುಂಬಿ ಉಸಿರಾಡಿದಂತೆ ಗುಳ್ಳೆಯೊಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಸುತ್ತಣ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಎಂದರೆ ಗುಳ್ಳೆಯ ಒಳಕ್ಕೆ ನುಸುಳುತ್ತದೆ. ಹೀಗೆ ಆ ಗುಳ್ಳೆ ಬರಿಯ ಗಾಳಿಚೀಲವಲ್ಲ; ನೀರಿನಿಂದ ಉಸಿರನ್ನು ಸೆಳೆದುಕೊಡುವ ಕಿವಿರೂ ಹೌದು. ಆದರೆ ಅದಕ್ಕೊಂದು ಕೊರತೆಯಿದೆ. ಗುಳ್ಳೆಯೊಳಗಿನ ಸಾರಜನಕ ಮೆಲ್ಲಮೆಲ್ಲನೆ ನೀರಿನಲ್ಲಿ ಕರಗಿಹೋಗುತ್ತದೆ. ಗುಳ್ಳೆ ಕುಗ್ಗುತ್ತ ಕುಗ್ಗುತ್ತ ಕೊನೆಗೆ ಇಲ್ಲವಾಗುವ ಮೊದಲು ದುಂಬಿ ಮೇಲಕ್ಕೆ ಬಂದು ಹೊಸ ಗಾಳಿಯನ್ನು ತುಂಬಿಕೊಳ್ಳಲೇಬೇಕು.

ಕೊಮಾಲ್ ದುಂಬಿಯ ಕುಟುಂಬದವು ಈ ಕೊರತೆಯನ್ನು ನೀಗಿಕೊಂಡಿವೆ. ಅವುಗಳ ಹೊಟ್ಟೆಯ ಭಾಗದಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ರೋಮಗಳು ಒತ್ತೊತ್ತಾಗಿ ಬೆಳೆದಿರುತ್ತವೆ. ಈ ರೋಮಗಳು ನೀರನ್ನು ಅಂಟಿಸಿಕೊಳ್ಳುವುದಿಲ್ಲ. ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುವ ರೈತನನ್ನು ನಾವೆಲ್ಲ ಕಂಡಿದ್ದೇವೆ. ಮಳೆಹನಿಗಳು ಕಂಬಳಿಯ ಉಣ್ಣೆಯ ತುದಿಯಲ್ಲೇ ನಿಂತು ಉರುಳಿಹೋಗುತ್ತವೆ, ಬಹಳ ಹೊತ್ತಿನವರೆಗೆ ಒಳಗಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ ನೀರು ರೋಮಗಳ ತುದಿಯಲ್ಲೇ ನಿಂತುಬಿಡುತ್ತದೆ. ರೋಮಗಳ ನಡುವೆ ತೆಳ್ಳನೆಯ ಗಾಳಿಯ ಹಾಳೆಯೊಂದು ಉಳಿದುಕೊಳ್ಳುತ್ತದೆ. ನೀರು ಒತ್ತಿದರೂ ರೋಮಗಳು ಬಾಗದೆ ತಡೆಯುವುದರಿಂದ ಈ ಹಾಳೆ ಕುಗ್ಗಲಾರದು. ಕುಗ್ಗದಿದ್ದ ಮೇಲೆ ಸಾರಜನಕ ಸೋರಿಹೋಗುವ ಪ್ರಶ್ನೆಯೂ ಇಲ್ಲ. ಆದ್ದರಿಂದ ಇದು ಒಮ್ಮೆ ಧರಿಸಿದರೆ ಬಾಳಿನುದ್ದಕ್ಕೂ ಸಾಕಾಗುವ ಕಿವಿರು. ಈ ಬಗೆಯ ಉಸಿರಾಟವನ್ನು ಭೌತಶಾಸ್ತ್ರದ ಲೆಕ್ಕಗಳಿಂದ ಸ್ಪಷ್ಟಪಡಿಸಿದವರು ಇಂಗ್ಲೆಂಡಿನ ಥಾರ್ಪ್ ಮತ್ತು ಕ್ರಿಸ್ಪ್ ಎಂಬ ವಿಜ್ಞಾನಿಗಳು. ಅವರ ಪ್ರಬಂಧಗಳು ೧೯೪೭ರಲ್ಲಿ ಹೊರಬಂದವು. ಅವರು ಪರೀಕ್ಷಿಸಿದ್ದು ದುಂಬಿಯನ್ನಲ್ಲ, ಯೂರೋಪಿನ ಹೊಳೆಗಳಲ್ಲಿರುವ ಒಂದು ನೀರುತಿಗಣೆಯನ್ನು. ಅದರ ಮೈಯ ಒಂದು ಚದರ ಮಿಲಿಮೀಟರಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ರೋಮಗಳಿವೆಯೆಂದು ಅವರು ಎಣಿಸಿದರು. ತತ್ತ್ವ ಎರಡು ಹುಳುಗಳಿಗೂ ಒಂದೇ.

ಇಷ್ಟು ಸೊಗಸಾದ ಸಾಧನಕ್ಕೂ ಒಂದು ನಿಬಂಧನೆಯುಂಟು. ಗಾಳಿಯ ಹಾಳೆ ಆಮ್ಲಜನಕವನ್ನು ಉತ್ಪಾದಿಸುವುದಿಲ್ಲ. ನೀರಿನಲ್ಲಿದ್ದುದನ್ನು ಸೆಳೆದುಕೊಡುತ್ತದೆ, ಅಷ್ಟೆ. ಅದು ಎರಡೂ ಕಡೆಗೆ ತೆರೆದುಕೊಳ್ಳುವ ಬಾಗಿಲು. ನೀರಿನಲ್ಲಿ ಆಮ್ಲಜನಕ ಧಾರಾಳವಾಗಿದ್ದರೆ ಒಳಕ್ಕೆ ಬರುತ್ತದೆ; ನೀರು ನಿಂತು ಕೊಳೆತು ಆಮ್ಲಜನಕ ತೀರ ತಗ್ಗಿದರೆ ಹಾಳೆಯಲ್ಲಿದ್ದುದೇ ಹೊರಕ್ಕೆ ಹೋಗಿ, ಹುಳು ತನ್ನ ಕಿವಿರಿನಿಂದಲೇ ಉಸಿರುಗಟ್ಟಬೇಕಾಗುತ್ತದೆ. ಈಜುದುಂಬಿಯಾದರೆ ಮೇಲಕ್ಕೆ ಬಂದು ಗಾಳಿ ಹಿಡಿದೀತು, ಆ ಕೆರೆ ಬತ್ತಿದರೆ ಹಾರಿ ಇನ್ನೊಂದು ಕೆರೆಗೆ ಹೋದೀತು. ಕೊಮಾಲ್ ದುಂಬಿಗೆ ಎರಡೂ ದಾರಿಯಿಲ್ಲ. ಅದರ ಬಾಳೆಲ್ಲ ನಿಂತಿರುವುದು ಒಂದೇ ಒಂದು ಸಂಗತಿಯ ಮೇಲೆ: ಚಿಲುಮೆ ಹರಿಯುತ್ತಿರಬೇಕು.

ಆ ಚಿಲುಮೆ ಒಮ್ಮೆ ನಿಂತೇಹೋಯಿತು. ೧೯೫೦ರ ದಶಕದಲ್ಲಿ ಟೆಕ್ಸಾಸಿನಲ್ಲಿ ಏಳೆಂಟು ವರ್ಷಗಳ ಕಾಲ ಭೀಕರವಾದ ಬರಗಾಲ ಬಂದಿತ್ತು. ಮೇಲಿನಿಂದ ಮಳೆಯಿಲ್ಲ; ಕೆಳಗಿನಿಂದ ಸ್ಯಾನ್ ಆಂಟೋನಿಯೋ ನಗರವೂ ಸುತ್ತಣ ಬೇಸಾಯಗಾರರೂ ಅದೇ ಕಲ್ಲಿನ ಪದರದಿಂದ ನೀರೆತ್ತುತ್ತಿದ್ದರು. ೧೯೫೬ರ ಜೂನ್ ೧೩ರಂದು ಕೊಮಾಲ್ ಚಿಲುಮೆಗಳ ಹರಿವು ನಿಂತಿತು. ಮತ್ತೆ ನೀರು ಕಾಣಿಸಿದ್ದು ನವೆಂಬರ್ ತಿಂಗಳ ಮೊದಲ ವಾರದಲ್ಲಿ. ಒಟ್ಟು ೧೪೪ ದಿನಗಳ ಕಾಲ ಟೆಕ್ಸಾಸಿನ ಅತಿ ದೊಡ್ಡ ಚಿಲುಮೆ ಬಾಯಾರಿ ಮಲಗಿತ್ತು. ಆ ದಶಕದಲ್ಲಿಯೇ, ಅಲ್ಲಿ ವಾಸವಾಗಿದ್ದ ಚಿಲುಮೆಮೀನು ಎಂಬ ಬೆರಳುದ್ದವೂ ಇಲ್ಲದ ಮೀನು ಕೊಮಾಲಿನಿಂದ ನಿರ್ನಾಮವಾಯಿತು. ೧೯೭೦ರ ದಶಕದಲ್ಲಿ ಹತ್ತಿರದ ಸ್ಯಾನ್ ಮಾರ್ಕೋಸ್ ಚಿಲುಮೆಯಿಂದ ಅದರ ಬೀಜವನ್ನು ತಂದು ಬಿಟ್ಟು ಮತ್ತೆ ನೆಲೆಗೊಳಿಸಬೇಕಾಯಿತು.

ದುಂಬಿ ಏನಾಯಿತು? ಆಗ ಅದರ ಇರವನ್ನೇ ಯಾರೂ ಅರಿತಿರಲಿಲ್ಲವಾದ್ದರಿಂದ ನೋಡಿದವರಿಲ್ಲ. ಅದು ಆ ವರ್ಷವೇ ನಾಶವಾಗಿದ್ದಿದ್ದರೆ, ಇಂಥದೊಂದು ಜೀವಿ ಇತ್ತೆಂಬುದೇ ಪ್ರಪಂಚಕ್ಕೆ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಅದು ಸಿಕ್ಕಿತು ಎಂಬುದರಿಂದ ಕೆಲವಾದರೂ ಉಳಿದುಕೊಂಡಿದ್ದುವೆಂದು ಸಿದ್ಧವಾಯಿತು. ಹಾರಲಾರದ, ಈಜಲಾರದ ಈ ಹುಳು ಬತ್ತಿದ ಬಾಯಿಯಿಂದ ಇಳಿಯುತ್ತಿದ್ದ ನೀರನ್ನು ಹಿಂಬಾಲಿಸಿ ಜಲ್ಲಿಯ ಸಂದಿಗಳಲ್ಲಿ ನೆಲದೊಳಕ್ಕೆ ಸರಿದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅದೇ ಚಿಲುಮೆಗಳ ಆಳದಲ್ಲಿ ಕಣ್ಣು ಕಾಣದ, ಬಣ್ಣವಿಲ್ಲದ ಇನ್ನೊಂದು ದುಂಬಿಯಿದೆ. ೧೯೯೨ರಲ್ಲಿ ಅದನ್ನು ವರ್ಣಿಸಿದರು. ಅದು ಕತ್ತಲೆಯ ನೀರಿಗೇ ಹೊಂದಿಕೊಂಡ ಜೀವ. ನಮ್ಮ ದುಂಬಿಗೆ ಮಾತ್ರ ಬಹುಶಃ ಆ ಕತ್ತಲೆ ಒಂದು ಬರಗಾಲದ ಆಶ್ರಯವಾಗಿತ್ತು. ಒಮ್ಮೆ ಉಳಿದದ್ದು ಇನ್ನೊಮ್ಮೆಯೂ ಉಳಿದೀತೆಂದು ಹೇಳಲು ಇದರಿಂದ ಆಧಾರವಿಲ್ಲ.

ಇನ್ನು ನೀರಿನ ವ್ಯಾಜ್ಯಕ್ಕೆ ಬರೋಣ. ೧೮೪೩ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಆಕ್ಟನ್ ಮತ್ತು ಬ್ಲಂಡೆಲ್ ಎಂಬವರ ಮೊಕದ್ದಮೆಯಲ್ಲಿ, ತನ್ನ ಭೂಮಿಯಡಿಯ ನೀರನ್ನು ಎತ್ತಿದ್ದರಿಂದ ನೆರೆಯವನ ಬಾವಿ ಬತ್ತಿದರೂ ಭೂಮಿಯ ಒಡೆಯ ಹೊಣೆಯಲ್ಲವೆಂದು ತೀರ್ಮಾನಿಸಿತು. ೧೯೦೪ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ ಇದೇ ತತ್ತ್ವವನ್ನು ಅಂಗೀಕರಿಸಿತು. ರೈಲ್ವೆ ಕಂಪನಿಯೊಂದು ಆಳವಾದ ಬಾವಿ ತೋಡಿ ನೀರೆತ್ತಿದ್ದರಿಂದ ನೆರೆಯ ಸಣ್ಣ ಹಿಡುವಳಿದಾರನ ಬಾವಿ ಬತ್ತಿದ್ದಿತು; ಆತನಿಗೆ ಪರಿಹಾರ ಸಿಗಲಿಲ್ಲ. ನೆಲದೊಳಗಿನ ನೀರಿನ ಚಲನೆ ಮನುಷ್ಯನ ಕಣ್ಣಿಗೆ ಮರೆಯಾದ ಗುಟ್ಟು, ಅದಕ್ಕೆ ನಿಯಮ ಕಟ್ಟುವುದು ಅಸಾಧ್ಯ ಎಂಬುದು ನ್ಯಾಯಾಲಯದ ಕಾರಣಗಳಲ್ಲಿ ಒಂದಾಗಿತ್ತು. ಯಾರ ಪಂಪು ದೊಡ್ಡದೋ ಅವನದೇ ನೀರು ಎಂದು ಜನ ಈ ಕಾನೂನನ್ನು ಕುರಿತು ಆಡಿಕೊಳ್ಳುವಂತಾಯಿತು. ೧೯೯೧ರಲ್ಲಿ ಸ್ಯಾನ್ ಆಂಟೋನಿಯೋದ ಬಳಿ ಮೀನು ಸಾಕಣೆಗೆಂದು ಕೊರೆದ ಒಂದೇ ಬಾವಿಯಿಂದ ಲಕ್ಷಗಟ್ಟಲೆ ಜನರಿಗೆ ಸಾಲುವಷ್ಟು ನೀರು ಹೊರಬಂದಿತು. ಅಂತರ್ಜಲದ ಹಕ್ಕಿನ ಕಾನೂನು ಅದಕ್ಕೆ ಅಡ್ಡಿ ಹೇಳುವಂತಿರಲಿಲ್ಲ.

ಆದರೆ ೧೯೭೩ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಕೇಂದ್ರ ಶಾಸನಸಭೆ ವಿನಾಶದ ಅಂಚಿನಲ್ಲಿರುವ ಜೀವಜಾತಿಗಳ ರಕ್ಷಣೆಗಾಗಿ ಒಂದು ಶಾಸನವನ್ನು ಮಾಡಿತ್ತು. ಆ ಶಾಸನದ ಮೇರೆಗೆ ಸಿಯೆರಾ ಕ್ಲಬ್ ಎಂಬ ನಿಸರ್ಗ ರಕ್ಷಣೆಯ ಸಂಸ್ಥೆ ೧೯೯೧ರಲ್ಲಿ ದಾವೆ ಹೂಡಿತು. ಅಂದು ಪಟ್ಟಿಯಲ್ಲಿದ್ದುವು ಚಿಲುಮೆಮೀನು, ಸ್ಯಾನ್ ಮಾರ್ಕೋಸಿನ ಕಾಡುಭತ್ತ ಮುಂತಾದ ಕೆಲವು ಜೀವಿಗಳು. ದುಂಬಿಯಿನ್ನೂ ಪಟ್ಟಿಗೆ ಸೇರಿರಲಿಲ್ಲ. ೧೯೯೩ರ ಆರಂಭದಲ್ಲಿ ನ್ಯಾಯಾಧೀಶ ಲ್ಯೂಷಿಯಸ್ ಬಂಟನ್ ಅವರು ಚಿಲುಮೆಗಳ ಹರಿವನ್ನು ಕಾಪಾಡಲೇಬೇಕೆಂದು ತೀರ್ಪಿತ್ತರು. ರಾಜ್ಯವೇ ನಿಯಮ ಮಾಡದಿದ್ದರೆ ಕೇಂದ್ರ ಸರ್ಕಾರ ಕೈಹಾಕಬೇಕಾಗುತ್ತದೆಂಬ ಸ್ಥಿತಿ ಬಂದಾಗ, ಟೆಕ್ಸಾಸಿನ ಶಾಸನಸಭೆ ಅದೇ ವರ್ಷ ಎಡ್ವರ್ಡ್ಸ್ ಅಂತರ್ಜಲ ಪ್ರಾಧಿಕಾರವನ್ನು ಸ್ಥಾಪಿಸುವ ಕಾನೂನು ಮಾಡಿತು. ೧೯೯೬ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ೧೯೯೭ರ ಡಿಸೆಂಬರಿನಲ್ಲಿ ನಮ್ಮ ದುಂಬಿಯೂ ಅದರ ಕುರುಡು ನೆರೆಯ ದುಂಬಿಯೂ ರಕ್ಷಿತ ಜೀವಿಗಳ ಪಟ್ಟಿಗೆ ಸೇರಿದುವು.

ಈ ವೃತ್ತಾಂತವನ್ನು ವಿದ್ಯಾರ್ಥಿ ನಿಲಯದಲ್ಲಿ ಹೇಳಿದಾಗ ನನ್ನ ಗೆಳೆಯನೊಬ್ಬ, "ಅಲ್ಲಯ್ಯಾ, ಹುಳಕ್ಕೆ ನೀರು ಬಿಟ್ಟು ಮನುಷ್ಯ ಬಾಯಾರಬೇಕೇನೋ?" ಎಂದ. ಅವನು ಬಯಲುಸೀಮೆಯ ರೈತರ ಮನೆಯ ಹುಡುಗ. ನೀರಿನ ಬೆಲೆ ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ. ಆದ್ದರಿಂದ ಅವನ ಮಾತನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ಟೆಕ್ಸಾಸಿನ ರೈತರೂ ಕೇಳಿದ್ದು ಇದನ್ನೇ. ತಲೆತಲಾಂತರದಿಂದ ತಮ್ಮದೆಂದು ನಂಬಿದ್ದ ಬಾವಿಯ ನೀರಿಗೆ ಇದ್ದಕ್ಕಿದ್ದಂತೆ ಪರವಾನಗಿ ಬೇಕೆಂದರೆ ಯಾರಿಗಾದರೂ ಕಷ್ಟವೇ. ೨೦೧೨ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಭೂಮಿಯಡಿಯ ನೀರಿನಲ್ಲಿ ಒಡೆಯನಿಗೆ ಸ್ವತ್ತಿನ ಹಕ್ಕುಂಟು, ನಿಯಂತ್ರಣ ಮಿತಿಮೀರಿದರೆ ಪರಿಹಾರವನ್ನೂ ಕೇಳಬಹುದು ಎಂದು ಹೇಳಿತು. ಆ ದೂರಿನಲ್ಲಿ ಹುರುಳಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಗೆಳೆಯನ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ: ಹುಳು ಉಳಿದರೆ ಮನುಷ್ಯನಿಗೆ ನಷ್ಟ, ಮನುಷ್ಯ ಉಳಿದರೆ ಹುಳುವಿಗೆ ನಷ್ಟ ಎಂದು. ಈ ಊಹೆಯನ್ನು ಪರೀಕ್ಷಿಸಿ ನೋಡೋಣ. ಕೊಮಾಲಿನ ನೀರು ಚಿಲುಮೆಯ ಬಾಯಲ್ಲೇ ಮುಗಿದುಹೋಗುವುದಿಲ್ಲ. ಗ್ವಾಡಲೂಪ್ ನದಿಗೆ ಸೇರಿ ಸಮುದ್ರದವರೆಗೆ ಹರಿಯುತ್ತದೆ. ಬರಗಾಲದಲ್ಲಿ ಆ ನದಿಯ ಜೀವಾಳವೇ ಈ ಚಿಲುಮೆಗಳು. ಕೆಳಹೊಳೆಯ ಊರುಗಳೂ ಹೊಲಗಳೂ ಕಾರ್ಖಾನೆಗಳೂ ಅದನ್ನು ನಂಬಿವೆ. ಆದುದರಿಂದಲೇ ಆ ನದಿಯ ಪ್ರಾಧಿಕಾರವೂ ೧೯೯೧ರ ದಾವೆಯಲ್ಲಿ ಚಿಲುಮೆಗಳ ಪರವಾಗಿ ನಿಂತಿತು. ಹೀಗೆ ನೋಡಿದರೆ ಅಲ್ಲಿದ್ದುದು ಹುಳುವಿಗೂ ಮನುಷ್ಯನಿಗೂ ನಡೆದ ಜಗಳವಲ್ಲ. ಮೇಲಿನ ಮನುಷ್ಯನಿಗೂ ಕೆಳಗಿನ ಮನುಷ್ಯನಿಗೂ, ಇಂದಿನ ಮನುಷ್ಯನಿಗೂ ಮುಂದಿನ ಬರಗಾಲದ ಮನುಷ್ಯನಿಗೂ ನಡೆದ ಜಗಳ. ಕೂತುಂಬುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಅಂತರ್ಜಲಕ್ಕೆ ಸಲ್ಲುವಷ್ಟು ಬೇರಾವುದಕ್ಕೂ ಸಲ್ಲದು. ಕುಡಿಕೆಯಲ್ಲಿ ಎಷ್ಟು ಉಳಿದಿದೆಯೆಂದು ಹೊರಗೆ ನಿಂತವನಿಗೆ ಕಾಣದು. ಚಿಲುಮೆ ಬಡವಾದಾಗ ಮಾತ್ರ ಅದು ಬಯಲಿಗೆ ಬರುತ್ತದೆ. ಮರೆಯಾದ ಗುಟ್ಟೆಂದು ನ್ಯಾಯಾಲಯ ೧೯೦೪ರಲ್ಲಿ ಕೈಬಿಟ್ಟ ಲೆಕ್ಕವನ್ನು ಚಿಲುಮೆಯ ಬಾಯಲ್ಲಿ ಕುಳಿತ ಹುಳು ತನ್ನ ಮೈಮೇಲೆಯೇ ಅನುಭವಿಸುತ್ತಿರುತ್ತದೆ.

ನಿಯಮಗಳು ಬಂದಮೇಲೆ ಏನಾಯಿತೆಂಬುದೂ ವಿಚಾರಾರ್ಹ. ಸ್ಯಾನ್ ಆಂಟೋನಿಯೋದಲ್ಲಿ ಜೆ-೧೭ ಎಂಬ ಹೆಸರಿನ ಅಳತೆಯ ಬಾವಿಯೊಂದಿದೆ. ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ ೬೬೦ ಅಡಿಗಿಂತ ತಗ್ಗಿದರೆ, ಅಥವಾ ಕೊಮಾಲಿನ ಹರಿವು ೨೨೫ ಕ್ಯೂಸೆಕ್ಕಿಗಿಂತ ಕೆಳಗಿಳಿದರೆ, ಪರವಾನಗಿಯುಳ್ಳವರು ನೀರೆತ್ತುವುದನ್ನು ಶೇಕಡಾ ೨೦ರಷ್ಟು ಕಡಿಮೆ ಮಾಡಬೇಕು. ಇನ್ನೂ ತಗ್ಗಿದಂತೆ ಈ ಕಡಿತ ಹಂತಹಂತವಾಗಿ ಶೇಕಡಾ ೪೪ರವರೆಗೆ ಏರುತ್ತದೆ. ೨೦೦೭ರಲ್ಲಿ ವರ್ಷಕ್ಕೆ ಎತ್ತಬಹುದಾದ ಒಟ್ಟು ನೀರಿಗೆ ೫,೭೨,೦೦೦ ಎಕರೆ-ಅಡಿಗಳ ಮಿತಿಯನ್ನು ಹಾಕಿದರು. ನಗರ ಕೈಕಟ್ಟಿ ಕೂರಲಿಲ್ಲ. ಸೋರುವ ಕೊಳವೆಗಳನ್ನು ಸರಿಪಡಿಸಿತು. ಕಡಿಮೆ ನೀರು ಬಳಸುವ ಶೌಚ ಸಾಧನಗಳನ್ನು ಮನೆಮನೆಗೆ ಹಂಚಿತು. ಬಳಸಿದ ನೀರನ್ನು ಶುದ್ಧಿಮಾಡಿ ತೋಟಗಳಿಗೂ ಕೈಗಾರಿಕೆಗಳಿಗೂ ಹಾಯಿಸಿತು. ೨೦೦೪ರಿಂದ ಮಳೆ ಚೆನ್ನಾದ ವರ್ಷಗಳ ಹೆಚ್ಚುವರಿ ನೀರನ್ನು ಇನ್ನೊಂದು ಮರಳುಕಲ್ಲಿನ ಪದರದೊಳಕ್ಕೆ ಇಳಿಸಿ, ಬರಗಾಲಕ್ಕೆಂದು ಕೂಡಿಡುತ್ತ ಬಂದಿದೆ. ೧೯೮೨ರಲ್ಲಿ ಅಲ್ಲಿ ತಲೆಯೊಂದಕ್ಕೆ ದಿನಕ್ಕೆ ೨೨೫ ಗ್ಯಾಲನ್ ನೀರು ಖರ್ಚಾಗುತ್ತಿದ್ದಿತು. ೨೦೧೦ರ ದಶಕದಲ್ಲಿ ಅದು ೧೩೦ರ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ನಗರದ ಜನಸಂಖ್ಯೆ ಎಂಟು ಲಕ್ಷದ ಆಸುಪಾಸಿನಿಂದ ಹದಿಮೂರು ಲಕ್ಷವನ್ನು ದಾಟಿತ್ತು. ಹುಳುವಿಗಾಗಿ ಮನುಷ್ಯ ಬಾಯಾರಲಿಲ್ಲ. ಹುಳುವಿನ ನೆಪದಿಂದ ಲೆಕ್ಕವಿಟ್ಟು ಕುಡಿಯುವುದನ್ನು ಕಲಿತ.

೨೦೧೩ರಲ್ಲಿ ನಗರಗಳೂ ಪ್ರಾಧಿಕಾರವೂ ಒಂದು ವಿಶ್ವವಿದ್ಯಾನಿಲಯವೂ ಕೂಡಿ ರಚಿಸಿದ ರಕ್ಷಣಾ ಯೋಜನೆಗೆ ಕೇಂದ್ರದ ಒಪ್ಪಿಗೆ ದೊರೆಯಿತು. ಕೊಮಾಲಿನ ದೀರ್ಘಕಾಲದ ಸರಾಸರಿ ಹರಿವು ೨೨೫ ಕ್ಯೂಸೆಕ್ ಇರಬೇಕು, ೧೯೫೦ರ ದಶಕದಂತಹ ಬರ ಮರುಕಳಿಸಿದರೂ ೩೦ ಕ್ಯೂಸೆಕ್ಕಿಗಿಂತ ಕೆಳಗಿಳಿಯಬಾರದು ಎಂಬುದು ಅದರ ಗುರಿ. ಬರಗಾಲದಲ್ಲಿ ನೀರೆತ್ತದಿರಲು ಮುಂದಾಗಿಯೇ ಒಪ್ಪಿಕೊಂಡ ರೈತರಿಗೆ ಹಣ ಕೊಡುವ ಏರ್ಪಾಡೂ ಇದರಲ್ಲಿದೆ. ರೈತನ ದೂರಿಗೆ ಇದೊಂದು ನ್ಯಾಯವಾದ ಉತ್ತರವೆಂದು ನನ್ನ ಭಾವನೆ.

ದುಂಬಿಗಳು ಹೇಗಿವೆಯೆಂದು ತಿಳಿಯುವ ಉಪಾಯ ಬಹು ಸರಳವಾಗಿದೆ. ಚಿಲುಮೆಯ ಬಾಯಲ್ಲಿ ಹತ್ತಿಯ ಬಟ್ಟೆಯ ತುಂಡೊಂದನ್ನು ಮಡಿಸಿ ಕಲ್ಲುಗಳ ನಡುವೆ ಸಿಕ್ಕಿಸಿ ಕೆಲವು ವಾರ ಹಾಗೆಯೇ ಬಿಡುತ್ತಾರೆ. ಬಟ್ಟೆಯ ಮೇಲೆ ಸೂಕ್ಷ್ಮಜೀವಿಗಳ ಪೊರೆ ಕಟ್ಟುತ್ತದೆ. ಅದನ್ನು ಮೇಯಲು ದುಂಬಿಗಳು ಬಂದು ಸೇರುತ್ತವೆ. ಆಮೇಲೆ ಬಟ್ಟೆಯನ್ನು ಮೆಲ್ಲಗೆ ತೆಗೆದು ಎಣಿಸಿ, ಅವನ್ನು ಅಲ್ಲಿಯೇ ಬಿಟ್ಟುಬಿಡುತ್ತಾರೆ. ಚಿಲುಮೆ ಮತ್ತೆ ಬತ್ತಿದರೆ ವಂಶ ನಿಲ್ಲದಿರಲೆಂದು ಸ್ಯಾನ್ ಮಾರ್ಕೋಸಿನ ಸರ್ಕಾರಿ ಜಲಜೀವಿ ಕೇಂದ್ರದಲ್ಲಿ ಕೆಲವನ್ನು ಸಾಕುತ್ತಲೂ ಇದ್ದಾರೆ. ಅಪಾಯ ಕಳೆದಿದೆಯೆಂದು ಇದರಿಂದ ತಿಳಿಯಬಾರದು. ೨೦೨೨ ಮತ್ತು ೨೦೨೩ರ ಬರದಲ್ಲಿ ಕೊಮಾಲಿನ ಹರಿವು ಮತ್ತೆ ಬಹಳ ತಗ್ಗಿತು. ಚಿಲುಮೆಗಳು ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದೇ ಸಮಾಧಾನ.

ನಮ್ಮ ನಾಡಿಗೂ ಇದಕ್ಕೂ ಸಂಬಂಧವುಂಟೇ? ಎರಡು ಸಂಬಂಧಗಳು ನನಗೆ ಕಾಣುತ್ತವೆ. ಈ ದುಂಬಿಯ ಕುಟುಂಬದವೇ ಆದ ಬೇರೆ ಜಾತಿಗಳು ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲಿವೆ. ಅವೂ ಮೈಮೇಲೆ ಗಾಳಿಯ ಹಾಳೆ ಹೊದ್ದು ಕಲ್ಲಿಗಂಟಿಕೊಂಡೇ ಬಾಳುತ್ತವೆ. ಎರಡನೆಯದು ಕಾನೂನಿನ ಸಂಬಂಧ. ಟೆಕ್ಸಾಸ್ ಯಾವ ಆಂಗ್ಲ ನ್ಯಾಯತತ್ತ್ವವನ್ನು ಎರವಲು ತಂದಿತೋ ಅದೇ ತತ್ತ್ವ ೧೮೮೨ರ ಭಾರತೀಯ ಅನುಭೋಗ ಹಕ್ಕುಗಳ ಶಾಸನದ ಮೂಲಕ ನಮ್ಮಲ್ಲಿಗೂ ಬಂದಿತು. ಭೂಮಿ ಉಳ್ಳವನಿಗ‍ೆ ಅದರಡಿಯ ನೀರು ಎಂಬ ಭಾವನೆ ಇಲ್ಲಿಯೂ ಬೇರೂರಿತು. ಕರ್ನಾಟಕದಲ್ಲಿ ಅಂತರ್ಜಲವನ್ನು ನಿಯಂತ್ರಿಸುವ ಶಾಸನ ೨೦೧೧ರಲ್ಲಿ ಆಯಿತು. ನಮ್ಮ ನೆಲದಡಿಯಲ್ಲಿರುವುದು ಹೆಚ್ಚಾಗಿ ಸುಣ್ಣಕಲ್ಲಲ್ಲ, ಗಟ್ಟಿಬಂಡೆ. ನೀರು ನಿಲ್ಲುವ ರೀತಿ ಬೇರೆ, ರೈತರ ಹಿಡುವಳಿಗಳ ಪ್ರಮಾಣ ಬೇರೆ. ಟೆಕ್ಸಾಸಿನ ಏರ್ಪಾಡನ್ನು ಹಾಗೆಯೇ ಇಲ್ಲಿಗೆ ಹೊತ್ತುತರಬೇಕೆಂಬುದು ನನ್ನ ವಾದವಲ್ಲ. ಆದರೆ ಕೋಲಾರದ ಕಡೆ ತೆರೆದ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಗಿಂತ ಕೆಳಗಿಳಿದಿರುವುದನ್ನು ಬಲ್ಲ ನಾವು, ಅಳತೆಯ ಬಾವಿಯ ಮಟ್ಟ ನೋಡಿ ಎಲ್ಲರೂ ಒಟ್ಟಿಗೆ ಕೈಹಿಡಿಯುವ ಆ ಪದ್ಧತಿಯನ್ನು ಓದಿ ತಿಳಿದರೆ ನಷ್ಟವೇನೂ ಇಲ್ಲ.

ಈ ಹುಳುವಿನಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಕೊಡಬಲ್ಲ ಉತ್ತರ ಇಷ್ಟೆ. ಅದರಿಂದ ಔಷಧಿಯಿಲ್ಲ, ಆಹಾರವಿಲ್ಲ. ಅದು ಮನುಷ್ಯನಿಗೆ ಕಚ್ಚುವುದೂ ಇಲ್ಲ, ದುಡಿಯುವುದೂ ಇಲ್ಲ. ಕಲ್ಲಿನ ಸಂದಿಯಲ್ಲಿ ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿದೆ. ಅದು ಉಸಿರಾಡುತ್ತಿರುವವರೆಗೆ ನೆಲದೊಳಗೆ ನೀರಿದೆ, ನೀರು ಹರಿಯುತ್ತಿದೆ, ಕೆಳಗಿನ ಊರುಗಳಿಗೆ ತಲಪುತ್ತಿದೆ ಎಂದು ನಂಬಬಹುದು. ೧೯೫೬ರಲ್ಲಿ ಯಾರಿಗೂ ತಿಳಿಯದೆ ಅದು ಬದುಕಿ ಉಳಿಯಿತು. ಈಗ ಅದರ ಇರವು ತಿಳಿದಿದೆ, ಅದರ ಉಸಿರಿನ ಬಗೆ ತಿಳಿದಿದೆ, ಅದರ ನೀರನ್ನು ಯಾರು ಎಷ್ಟು ಎತ್ತುತ್ತಾರೆಂಬ ಲೆಕ್ಕವೂ ತಿಳಿದಿದೆ. ತಿಳಿದ ಮೇಲೆ ಹೊಣೆ ನಮ್ಮದಾಗುತ್ತದೆ.